ನೂರಾಹದಿನೆಂಟನೇ ಮರದ ಬಟ್ಟಲು

ಮನುಷ್ಯನಿಗೆ ಐವತ್ತು ಸಮೀಪಿಸಿದಾಗ ಏನಾದರೊಂದು ಹುಚ್ಚು ಹಿಡಿಯದೇ ಬಿಡುವುದಿಲ್ಲ. ಕೆಲವರು ಬೆಳಗಾಗುವ ಮುಂಚೆ ಎದ್ದು ಓಡಲು ಶುರುಮಾಡುತ್ತಾರೆ, ಕೆಲವರು ಕವಿತೆ ಬರೆದು ಸಿಕ್ಕಸಿಕ್ಕವರನ್ನು ಹಿಡಿದು ಕೂರಿಸಿ ಓದುತ್ತಾರೆ. ನಮ್ಮ ಗುಮಾಸ್ತರು ಮರ ಕಡೆಯುವ ಲೇತ್ ಯಂತ್ರ ತಂದು ಹಿಂದಿನ ಕೋಣೆಯಲ್ಲಿ ಪ್ರತಿಷ್ಠಾಪಿಸಿದರು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ತಪ್ಪು ಪೂರ್ತಿ ಅವರದೇ ಎನ್ನಲಾಗದು. ವಿಮಾ ಕಚೇರಿಯಲ್ಲಿ ಅವರ ಕೆಲಸವೆಂದರೆ ಬೇರೆಯವರು ಬರೆದ ಕಾಗದಕ್ಕೆ ತೂತು ಹೊಡೆದು, ದಾರ ಪೋಣಿಸಿ, ಇನ್ನೊಬ್ಬರ ಮೇಜಿಗೆ ತಳ್ಳುವುದು. ಈ ಮಹಾಕಾರ್ಯವನ್ನು ಅವರು ಅರ್ಧ ಆಯುಷ್ಯ ಶ್ರದ್ಧೆಯಿಂದ ಮಾಡಿದ್ದರು. ಆದರೆ ಅವರ ಅತ್ತೆ, ಅಂದರೆ ಹೆಂಡತಿಯ ತಾಯಿ, ಬಟ್ಟೆ ಹೊಲಿದು ನಾಲ್ಕು ಮಕ್ಕಳನ್ನು ದಡ ಸೇರಿಸಿದ ಹೆಂಗಸು. ಆಕೆಯ ಲೆಕ್ಕದಲ್ಲಿ ಕೈಯಿಂದ ಒಂದು ವಸ್ತು ಮಾಡದವನು ಕೈಯಿದ್ದೂ ಇಲ್ಲದವನು. ಕಳೆದ ಸಲ ಬಂದಾಗ, ಊಟದ ಮೇಜಿನಲ್ಲಿ, ನಾಲ್ಕು ಜನರ ಎದುರಿಗೆ ಮಗಳನ್ನು ಕೇಳಿಬಿಟ್ಟಿದ್ದರು.

"ಅಲ್ಲಮ್ಮಾ, ಅಳಿಯಂದಿರು ಆ ಕೈಯಲ್ಲಿ ಏನಾದ್ರೂ ಕೆಲಸ ಮಾಡ್ತಾರಾ? ಇಲ್ಲ, ಬರೀ ಊಟ ಮಾಡೋಕೆ ಇಟ್ಕೊಂಡಿದ್ದಾರಾ?"

ಆವತ್ತು ಬಾಯಿಗೆ ಹೋಗುತ್ತಿದ್ದ ತುತ್ತು ಅರ್ಧದಲ್ಲೇ ನಿಂತಿತ್ತು. ಮರುವಾರ ಲೇತ್ ಬಂತು.

ಈಗ ಅದೇ ಅತ್ತೆ ಮಗಳ ಮನೆಯಲ್ಲೇ ಇರಲು ಬರುವವರಿದ್ದರು. ಮನೆಯಲ್ಲಿ ಇದ್ದದ್ದು ಒಂದೇ ಖಾಲಿ ಕೋಣೆ, ಅದರಲ್ಲಿ ಯಂತ್ರ ಕಾಲು ಚಾಚಿಕೊಂಡು ಕೂತಿತ್ತು.

"ನೋಡ್ರೀ," ಎಂದಳು ಹೆಂಡತಿ, ಸೊಂಟಕ್ಕೆ ಕೈ ಕೊಟ್ಟು. "ಈ ಯಂತ್ರ ಬಂದಾಗಿನಿಂದ ಈ ಕೋಣೆಯಿಂದ ಹೊರಗೆ ಬಂದಿರೋದು ಬರೀ ಹೊಟ್ಟು. ನಾನು ಗುಡಿಸಿ ಗುಡಿಸಿ ಸಾಕಾಗಿದೆ. ಭಾನುವಾರ ಅಮ್ಮ ಬರ್ತಾಳೆ. ಅಷ್ಟರಲ್ಲಿ ಇದರಲ್ಲಿ ಏನಾದ್ರೂ ಒಂದು ಮಾಡಿ ತೋರಿಸಿ. ಅಮ್ಮ ನೋಡಿ 'ಚೆನ್ನಾಗಿದೆ' ಅಂದ್ರೆ ಯಂತ್ರ ಇಲ್ಲೇ ಇರ್ಲಿ, ಅಮ್ಮನಿಗೆ ಹಜಾರದಲ್ಲಿ ಮಂಚ ಹಾಕ್ತೀನಿ. ಅನ್ನಲಿಲ್ಲ ಅಂದ್ರೆ ಗುಜರಿಯವನಿಗೆ ಹೇಳಿದ್ದೀನಿ."

"ಹೇಳೇಬಿಟ್ಟಿದ್ದೀಯಾ?"

"ಭಾನುವಾರ ಸಂಜೆನೇ ಗಾಡಿ ತರ್ತಾನಂತೆ."

ಗುಮಾಸ್ತರು ಎದೆಯುಬ್ಬಿಸಿ, "ತರಲಿ. ಬರಿಗೈಯಲ್ಲಿ ವಾಪಸ್ ಹೋಗ್ತಾನೆ," ಎಂದರು. ಹಾಗೆ ಹೇಳುವುದೇನೂ ಕಷ್ಟವಲ್ಲ.

ಅವರಿಗೆ ಒಬ್ಬ ಗುರುವಿದ್ದ. ಮೊಬೈಲಿನಲ್ಲಿ ಬರುವ ಗಡ್ಡದ ಮನುಷ್ಯ. ಎಲ್ಲಿಯವನೋ, ಯಾವ ಭಾಷೆಯವನೋ, ಮಾತು ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ಗುಮಾಸ್ತರು ಭಕ್ತಿಯಿಂದ ತುಂಬಿಕೊಳ್ಳುತ್ತಿದ್ದರು. ಗುರು ಮಾಡುತ್ತಿದ್ದದ್ದು ಸಾಮಾನ್ಯ ಬಟ್ಟಲಲ್ಲ, ಸಹಜ ಅಂಚಿನ ಬಟ್ಟಲು. ಮರದ ದಿಮ್ಮಿಯನ್ನು ಉದ್ದಕ್ಕೆ ಎರಡು ಹೋಳು ಮಾಡಿ, ತೊಗಟೆಯಿರುವ ಬದಿಯನ್ನೇ ಬಟ್ಟಲಿನ ಬಾಯಿ ಮಾಡಿಕೊಂಡು ಕಡೆಯಬೇಕು. ದಿಮ್ಮಿಯ ಬೆನ್ನು ಗುಂಡಗಿರುವುದರಿಂದ ಬಟ್ಟಲಿನ ಅಂಚು ಎರಡು ಕಡೆ ಮೇಲೇರಿ ಎರಡು ಕಡೆ ಇಳಿಯುತ್ತದೆ. ತೊಗಟೆ ಹಾಗೇ, ಬಟ್ಟೆಗೆ ಹೊಲಿದ ಅಂಚುಪಟ್ಟಿಯಂತೆ ಸುತ್ತಲೂ ಉಳಿದುಕೊಳ್ಳುತ್ತದೆ. ಈ ತೊಗಟೆಯನ್ನು ಕೆರೆಯಬಾರದು, ತಿಕ್ಕಬಾರದು, ಮುಟ್ಟಲೇಬಾರದು. ಪ್ರಕೃತಿ ಕೊಟ್ಟ ಅಂಚು ಅದು. ತೊಗಟೆ ಹಾರಿಹೋದರೆ ಉಳಿಯುವುದು ಬಟ್ಟಲಲ್ಲ, ಬರೀ ಸೊಟ್ಟ ಪಾತ್ರೆ.

ಮರ ಎಲ್ಲಿಂದ ತರುವುದು ಎಂಬ ಚಿಂತೆಯೂ ಇರಲಿಲ್ಲ. ಬೀದಿಯ ತಿರುವಿನಲ್ಲಿದ್ದ ದೊಡ್ಡ ಮರವೊಂದು ಹಿಂದಿನ ವಾರದ ಗಾಳಿಗೆ ಉರುಳಿತ್ತು. ನಗರಸಭೆಯ ಆಳುಗಳು ಬಂದು ತುಂಡು ತುಂಡು ಮಾಡಿ, ಒಯ್ಯಬೇಕೆನಿಸಿದ್ದನ್ನು ಒಯ್ದು, ಬೇಡವಾದದ್ದನ್ನು ಚರಂಡಿಯ ಪಕ್ಕ ಬಿಟ್ಟುಹೋಗಿದ್ದರು. ಗುಮಾಸ್ತರು ಅದರಲ್ಲೊಂದು ದಪ್ಪ ತುಂಡನ್ನು ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ತಂದರು. ಹೊಸ ಅಂಗಿ ಹಾಳಾಯಿತು. ಕಲೆಗಾಗಿ ಅಷ್ಟೂ ಮಾಡದಿದ್ದರೆ ಹೇಗೆ?

ಆ ತುಂಡಿನ ತೊಗಟೆಯಲ್ಲಿ ಕೋಟಿನ ಗುಂಡಿಯಷ್ಟು ದೊಡ್ಡ ಒಂದು ತಗಡಿನ ಬಿಲ್ಲೆಯಿತ್ತು. ಮೇಲೆ ೧೧೮ ಎಂದು ಒತ್ತಿತ್ತು. ಬೀದಿಯ ಪ್ರತಿ ಮರಕ್ಕೂ ನಗರಸಭೆಯವರು ಇಂಥದ್ದೊಂದು ಹೊಡೆದಿರುತ್ತಾರೆ. ವರ್ಷಗಳಿಂದ ಬೆಳೆದ ತೊಗಟೆ ಬಿಲ್ಲೆಯ ಅಂಚನ್ನು ಸುತ್ತಲೂ ನುಂಗಿ ಹಿಡಿದುಕೊಂಡಿತ್ತು.

"ಅದನ್ನ ಮೊದಲು ಕಿತ್ತು ಬಿಸಾಡಿ," ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು.

"ಕಿತ್ತರೆ ತೊಗಟೆ ಕಿತ್ತು ಬರುತ್ತೆ."

"ಬಟ್ಟಲಿಗೆ ಬಿಲ್ಲೆ ಇರುತ್ತೇನ್ರೀ ಎಲ್ಲಾದ್ರೂ? ಕಚೇರಿ ಜವಾನನ ಹಾಗೆ?"

"ನಿನಗೆ ಗೊತ್ತಾಗಲ್ಲ ಕಣೇ. ತೊಗಟೆಯ ಮೇಲೆ ಕಾಲ ಬರೆದ ಗುರುತು ಅದು. ಮುಟ್ಟಬಾರದು."

"ಕಾಲ ಅಲ್ಲ, ನಗರಸಭೆ ಬರೆದಿದ್ದು," ಎಂದು ಆಕೆ ಹೊರಟುಹೋದಳು. ಈ ಮಾತು ಆಗಲೇ ಕಿವಿಗೆ ಬಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹೆಂಡತಿಯ ಮಾತು ಆಗಲೇ ಕಿವಿಗೆ ಬೀಳುವ ಗಂಡಸರ ಬಗ್ಗೆ ಯಾರು ಕಥೆ ಬರೆಯುತ್ತಾರೆ?

ಹಸಿ ಮರ ಲೇತಿನ ಮೇಲೆ ತಿರುಗತೊಡಗಿದಾಗ ಮನೆ ನಡುಗಿತು. ಅಡುಗೆಮನೆಯ ಲೋಟಗಳು ಒಂದಕ್ಕೊಂದು ಮಾತಾಡಿಕೊಂಡವು. ಗುಮಾಸ್ತರು ಬಾಗಿದ ಬಾಯಿಯ ಉದ್ದ ಉಳಿ ಹಿಡಿದು, ಕಣ್ಣು ಅರ್ಧ ಮುಚ್ಚಿ, ಉಸಿರು ಬಿಗಿಹಿಡಿದು ಒತ್ತಿದರು. ಸೊಟ್ಟ ಅಂಚಿನ ಮರದ ತಾಪತ್ರಯವೆಂದರೆ, ತಿರುಗುವಾಗ ಮೇಲೆದ್ದ ಭಾಗ ಕಣ್ಣಿಗೆ ಕಾಣುವುದಿಲ್ಲ, ಬರೀ ನೆರಳು ಕಾಣುತ್ತದೆ. ನೆರಳಿಗೆ ಕೈ ತಾಗಿದರೆ ಏನಾದೀತು ಎಂದು ಅಸಡ್ಡೆ ಮಾಡಿದವನಿಗೆ ಬೆರಳ ಗೆಣ್ಣಿನ ಮೇಲೆ ಹಳೇ ಕಾಲದ ಮೇಷ್ಟರ ಏಟು ಬೀಳುತ್ತದೆ. ಗುಮಾಸ್ತರಿಗೆ ಅಂಥ ಏಟು ಬೇಕಾದಷ್ಟು ಬಿದ್ದವು. ಒಂದು ಸಲ ತೊಗಟೆಯ ಚೂರು ಹಾರಿ ದೀಪದ ಬುರುಡೆಗೆ ಬಡಿಯಿತು. ನೆಲದಲ್ಲಿ ತೆವಳಿ ಹುಡುಕಿ, ಅಂಟು ಹಾಕಿ, ಅದನ್ನು ಮತ್ತೆ ಇದ್ದಲ್ಲೇ ಕೂರಿಸಿದರು. ಪ್ರಕೃತಿ ಕೊಟ್ಟ ಅಂಚಿಗೆ ಅಷ್ಟು ಸಹಾಯ ಮಾಡಿದರೆ ತಪ್ಪೇನಿಲ್ಲ.

ಬಟ್ಟಲಿನ ಗೋಡೆ ಎರಡು ಬೆರಳು ದಪ್ಪವೇ ಉಳಿಯಿತು. ಇನ್ನೂ ತೆಳು ಮಾಡಲು ಧೈರ್ಯ ಸಾಲಲಿಲ್ಲ. ಅದರಿಂದಾಗಿಯೇ ಬಿಲ್ಲೆ ಕೂರಲು ಅಂಚಿನಲ್ಲಿ ಜಾಗ ಸಿಕ್ಕಿತು ಎನ್ನಬೇಕು. ಆದರೂ, ನಿಜ ಹೇಳಬೇಕಲ್ಲ, ಸ್ಯಾಂಡ್ ಪೇಪರ್ ತಿಕ್ಕಿ ಎಣ್ಣೆ ಸವರಿದಾಗ ಬಟ್ಟಲು ಚೆನ್ನಾಗಿತ್ತು. ಒಳಗೆ ಕೆಂಪು ತಿರುಳಿನ ಗೆರೆಗಳು ಸುತ್ತು ಸುತ್ತಾಗಿ ಎದ್ದಿದ್ದವು, ಬಾಯಿ ಎರಡು ಕಡೆ ಎತ್ತಿ ನಗುತ್ತಿತ್ತು. ಗುಮಾಸ್ತರು ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ಎಷ್ಟೋ ಹೊತ್ತು ನೋಡಿದರು. ಜೀವಮಾನದಲ್ಲಿ ಮೊದಲ ಸಲ, ದಾರ ಪೋಣಿಸಿ ಯಾರ ಮೇಜಿಗೂ ತಳ್ಳಬೇಕಿಲ್ಲದ ಒಂದು ವಸ್ತು ಅವರ ಕೈಯಲ್ಲಿತ್ತು. ಅವರಿಗೆ ಅಳು ಬರುವಷ್ಟು ಸಂತೋಷವಾಯಿತು.

ಸಂತೋಷವೆಂಬುದು ಒಬ್ಬರೇ ಇಟ್ಟುಕೊಳ್ಳಬೇಕಾದ ವಸ್ತು. ಆದರೆ ಯಂತ್ರದ ಸದ್ದಿನ ಬಗ್ಗೆ ಜಗಳಕ್ಕೆ ಬಂದ ಪಕ್ಕದ ಮನೆಯ ನಿವೃತ್ತ ಮೇಷ್ಟರಿಗೆ ಗುಮಾಸ್ತರು ಬಟ್ಟಲು ತೋರಿಸಿಬಿಟ್ಟರು. ಬೀದಿಯವರು ಈ ಮೇಷ್ಟರನ್ನು ಅರ್ಜಿ ಮೇಷ್ಟ್ರು ಎಂದು ಕರೆಯುತ್ತಿದ್ದರು. ನಲ್ಲಿ ತೊಟ್ಟಿಕ್ಕಿದರೆ ಒಂದು ಅರ್ಜಿ, ತೊಟ್ಟಿಕ್ಕದಿದ್ದರೆ ಇನ್ನೊಂದು. ತಿರುವಿನ ಆ ಮರ ತಮ್ಮ ಅಂಗಳಕ್ಕೆ ಎಲೆ ಉದುರಿಸುತ್ತದೆ, ಕಡಿಯಿರಿ ಎಂದು ಅವರು ಬರೆದ ಅರ್ಜಿಗಳನ್ನು ಸೇರಿಸಿದರೆ ಆ ಮರಕ್ಕಿಂತ ಹೆಚ್ಚು ಕಾಗದವಾಗುತ್ತಿತ್ತು.

ಮೇಷ್ಟ್ರು ಬಟ್ಟಲನ್ನು ನೋಡಲಿಲ್ಲ. ಬಿಲ್ಲೆಯನ್ನು ನೋಡಿದರು. ಕನ್ನಡಕ ಮೇಲೆ ಮಾಡಿ ನೋಡಿದರು, ಕೆಳಗೆ ಮಾಡಿ ನೋಡಿದರು.

"ನೂರಾಹದಿನೆಂಟು!" ಎಂದು ಕೂಗಿಕೊಂಡರು. "ನನ್ನ ಮರ ಇದು! ಮೊನ್ನೆ ತಾನೇ ಉತ್ತರ ಬಂದಿದೆ ನಗರಸಭೆಯಿಂದ. 'ಸದರಿ ಮರವನ್ನು ಖುದ್ದಾಗಿ ಪರಿಶೀಲಿಸಲಾಗಿದೆ, ಆರೋಗ್ಯವಾಗಿ ನಿಂತಿದೆ, ಕಡಿಯಲು ಬರುವುದಿಲ್ಲ' ಅಂತ. ಬಿದ್ದು ವಾರ ಆದ ಮೇಲೆ ಬಂದ ಉತ್ತರ ಇದು! ಸಿಕ್ಕಿಬಿದ್ದರು ನೋಡಿ ಕಳ್ಳರು. ನಿಮ್ಮ ಬಟ್ಟಲೇ ಸಾಕ್ಷಿ!"

"ಬಟ್ಟಲು ಹೇಗಿದೆ ಮೇಷ್ಟ್ರೇ?"

"ಬಟ್ಟಲು ಹಾಳಾಗಿ ಹೋಗ್ಲಿ ಸ್ವಾಮಿ, ನಂಬರು ಸ್ಪಷ್ಟವಾಗಿದೆ!" ಎಂದು ಮೇಷ್ಟ್ರು ಅರ್ಜಿ ಬರೆಯಲು ಓಡಿದರು.

ಶನಿವಾರ ಮಧ್ಯಾಹ್ನ ನಗರಸಭೆಯ ಮರಗಳ ಮೇಲ್ವಿಚಾರಕ ಬಂದ. ಬೆವರು ಒರೆಸಿಕೊಳ್ಳುತ್ತಲೇ ಚಪ್ಪಲಿ ಬಿಟ್ಟ, ಒರೆಸಿಕೊಳ್ಳುತ್ತಲೇ ಕೂತ.

"ಸಾರ್, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ," ಎಂದ. "ಬಿದ್ದ ಮರಕ್ಕೆ ನೂರೆಂಟು ವಿವರಣೆ ಕೊಡಬೇಕು ಸಾರ್. ಯಾಕೆ ಬಿತ್ತು, ಬೀಳೋ ಮುಂಚೆ ಯಾಕೆ ಹೇಳಲಿಲ್ಲ, ಬಿದ್ದ ಮೇಲೆ ಕಟ್ಟಿಗೆ ಎಲ್ಲಿ ಹೋಯ್ತು. ನಿಂತ ಮರಕ್ಕೆ ಏನೂ ಕೊಡಬೇಕಾಗಿಲ್ಲ. ಅದಕ್ಕೇ ನಿಂತಿದೆ ಅಂತ ಬರೆದೆ. ಈಗ ನಿಮ್ಮ ಮೇಷ್ಟ್ರು ದೊಡ್ಡ ಸಾಹೇಬರಿಗೇ ಬರೆದಿದ್ದಾರೆ. ನಾಳೆ ರಜೆ ಅಂತಾನೂ ನೋಡದೆ ಅವರೇ ಬಂದು ನೋಡ್ತಾರಂತೆ."

"ಅದಕ್ಕೆ ನಾನೇನು ಮಾಡಲಿ?"

"ಸುಲಭ ಸಾರ್. ಆ ಬಿಲ್ಲೆ ಕಿತ್ತು ಕೊಡಿ. ತಿರುವಿನಲ್ಲಿ ಇನ್ನೊಂದು ಗಿಡ ಇದೆ, ಅದಕ್ಕೆ ಹೊಡೀತೀನಿ. ಮರ ನಿಂತ ಹಾಗೂ ಆಯ್ತು, ನಿಮ್ಮ ಬಟ್ಟಲು ನಿಮಗೆ ಉಳಿದ ಹಾಗೂ ಆಯ್ತು."

ಇಂಥ ಸರಳ ಪರಿಹಾರ ಸರ್ಕಾರದ ಕಡೆಯಿಂದ ಬರುವುದು ಅಪರೂಪ. ಗುಮಾಸ್ತರು ಬಿಲ್ಲೆಯ ಸುತ್ತ ಉಗುರಾಡಿಸಿ ನೋಡಿದರು. ತೊಗಟೆ ಅದನ್ನು ಗಟ್ಟಿಯಾಗಿ ಕಚ್ಚಿತ್ತು. ಕಿತ್ತರೆ ಅಂಚಿನ ಅಂಗೈಯಗಲ ತೊಗಟೆ ಅದರ ಜೊತೆಗೇ ಬರುವುದು ಖಂಡಿತ. ನಾಳೆ ಅತ್ತೆ ಬರುತ್ತಾರೆ. ಹಲ್ಲು ಬಿದ್ದ ಬಟ್ಟಲು ತೋರಿಸಿ ಯಂತ್ರ ಉಳಿಸಿಕೊಳ್ಳುವುದು ಹೇಗೆ?

"ಆಗಲ್ಲ," ಎಂದರು. "ಸಹಜ ಅಂಚು. ಮುಟ್ಟೋ ಹಾಗಿಲ್ಲ."

"ಸಾರ್, ಕಾಲಿಗೆ ಬೀಳ್ತೀನಿ."

"ಬೀಳಬೇಡಪ್ಪ. ಕಲೆ ಅಂದ್ರೆ ಕಲೆ."

ಮೇಲ್ವಿಚಾರಕ ಸ್ವಲ್ಪ ಹೊತ್ತು ಬಟ್ಟಲನ್ನೇ ದಿಟ್ಟಿಸಿದ. ಆಮೇಲೆ ಅವನ ಮುಖದಲ್ಲಿ ಒಂದು ಬೆಳಕು ಬಂತು. ಸರ್ಕಾರಿ ನೌಕರನ ಮುಖದಲ್ಲಿ ಬೆಳಕು ಬಂದರೆ ಪ್ರಜೆಗಳು ಹೆದರಬೇಕು.

"ಆಗ್ಲಿ ಸಾರ್," ಎಂದ. "ಬಿಲ್ಲೆ ಎಲ್ಲಿದೆಯೋ ಮರ ಅಲ್ಲಿದೆ. ಹಾಗಾದ್ರೆ ಮರ ನಿಮ್ಮ ಮನೇಲೇ ಇರ್ಲಿ."

ಭಾನುವಾರ ಬೆಳಿಗ್ಗೆ ದೊಡ್ಡ ಸಾಹೇಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮುಖ. ಹಿಂದೆ ಕಡತ ಹಿಡಿದ ಮೇಲ್ವಿಚಾರಕ, ಅವನ ಹಿಂದೆ ಗೆಲುವಿನ ನಗೆಯ ಅರ್ಜಿ ಮೇಷ್ಟ್ರು. ಹಿಂದಿನ ಕೋಣೆಯಲ್ಲಿ ಲೇತಿನ ಪಕ್ಕದ ಮೇಜಿನ ಮೇಲೆ ಬಟ್ಟಲಿತ್ತು.

"ನೋಡಿ ಸಾರ್!" ಎಂದು ಮೇಷ್ಟ್ರು ಬೆರಳು ತೋರಿಸಿದರು. "ನಿಂತಿದೆಯಂತೆ ಮರ! ಬಟ್ಟಲಾಗಿ ಕೂತಿದೆ!"

ಸಾಹೇಬರು ಬಗ್ಗಿ ಬಿಲ್ಲೆ ಓದಿದರು. ಕಡತ ತೆಗೆಸಿ ನೋಡಿದರು. 'ಖುದ್ದಾಗಿ ಪರಿಶೀಲಿಸಲಾಗಿದೆ' ಎಂಬುದರ ಕೆಳಗೆ ಮೇಲ್ವಿಚಾರಕನ ಸಹಿ, ಅದರ ಕೆಳಗೆ ಅದಕ್ಕಿಂತ ದೊಡ್ಡದಾಗಿ ತಮ್ಮದೇ ಸಹಿ. ಸಾಹೇಬರು ಒಂದು ಸಲ ಕೆಮ್ಮಿದರು.

"ಮೇಷ್ಟ್ರೇ, ಈಗ ನಿಮ್ಮ ಅಂಗಳಕ್ಕೆ ಈ ಮರದ ಎಲೆ ಬೀಳ್ತಿದೆಯಾ?"

"ಇಲ್ಲ ಸಾರ್, ಆದ್ರೆ..."

"ಹಾಗಾದ್ರೆ ನಿಮ್ಮ ದೂರು ಪರಿಹಾರ ಆಗಿದೆ. ಬರ್ಕೋಳಯ್ಯ."

ಮೇಷ್ಟ್ರು ಬಾಯಿ ತೆರೆದರು. ಜೀವಮಾನದಲ್ಲಿ ಅವರ ಒಂದು ಅರ್ಜಿಯೂ ಪರಿಹಾರವಾಗಿದ್ದಿಲ್ಲ. ಆದಾಗ ಏನು ಮಾಡಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಬಾಯಿ ಮುಚ್ಚಿದರು.

ಸಾಹೇಬರು ಗುಮಾಸ್ತರ ಕಡೆ ತಿರುಗಿದರು. ದನಿ ಮೃದುವಾಗಿತ್ತು. "ನೋಡಿ ಯಜಮಾನ್ರೇ, ಕಾನೂನು ಬಹಳ ಸ್ಪಷ್ಟ. ನಂಬರು ಇರೋ ಮರಕ್ಕೆ ಯಾರಾದ್ರೂ ಉಳಿ ಹಾಕಿ ಇದನ್ನ ಮಾಡಿದ್ರು ಅಂದ್ರೆ ಅಪರಾಧ. ಆಳು, ಆಯುಧ ಎರಡನ್ನೂ ಎತ್ಕೊಂಡು ಹೋಗಬೇಕು. ಕೆಲಸದಲ್ಲಿರೋರಿಗೆ ಕೆಲಸಾನೂ ಹೋಗುತ್ತೆ. ಯಾರೂ ಮಾಡಿಲ್ಲ, ತಾನಾಗೇ ಹೀಗಾಯ್ತು ಅಂದ್ರೆ ಅದು ಬೆಳವಣಿಗೆ. ಮರ ಇದ್ದಹಾಗೇ ಇದೆ. ನನಗೂ ಸಂತೋಷ, ನಿಮಗೂ ಕ್ಷೇಮ. ಯೋಚನೆ ಮಾಡಿ ಹೇಳಿ. ಅಷ್ಟರಲ್ಲಿ ನಾನು ಮರದ ವಿವರ ಬರೆಸ್ತೀನಿ."

ಗುಮಾಸ್ತರು ಲೆಕ್ಕ ಹಾಕಿದರು. ಬಟ್ಟಲು ಎಂದರೆ ಲೇತನ್ನು ಸರ್ಕಾರ ಒಯ್ಯುತ್ತದೆ, ಜೊತೆಗೆ ಅವರನ್ನೂ. ಮರ ಎಂದರೆ ಲೇತಿನಿಂದ ಏನೂ ಹುಟ್ಟಲಿಲ್ಲವೆಂದಾಯಿತು, ಸಂಜೆ ಗುಜರಿಯವನು ಒಯ್ಯುತ್ತಾನೆ. ಅತ್ತ ದರಿ, ಇತ್ತ ಪುಲಿ.

"ಎತ್ತರ, ಒಂದು ಗೇಣು," ಎಂದು ಸಾಹೇಬರು ಬರೆಸತೊಡಗಿದರು. "ಎಲೆ ಇಲ್ಲ. ಎಲೆ ಉದುರೋ ಕಾಲ ಅಂತ ಹಾಕು. ಬೆಳವಣಿಗೆ ಕುಂಠಿತ. ಒಳಗೆಲ್ಲಾ ಟೊಳ್ಳು. ಹುಳ ತಿಂದಿದೆ."

"ಹುಳಾನಾ?" ಎಂದರು ಗುಮಾಸ್ತರು, ತಡೆಯಲಾರದೆ.

"ಅಲ್ದೆ ಇನ್ನೇನು? ಎಷ್ಟು ಒರಟಾಗಿ ತಿಂದಿದೆ ನೋಡಿ. ಒಂದು ಕಡೆ ದಪ್ಪ, ಒಂದು ಕಡೆ ತೆಳು. ದಡ್ಡ ಹುಳ."

ಗುಮಾಸ್ತರ ಕಿವಿ ಕೆಂಪಾಯಿತು. ದಡ್ಡ ಹುಳ ಯಾವುದೆಂದು ಹೇಳಲು ನಾಲಿಗೆ ತುದಿಯವರೆಗೆ ಬಂತು. ಮೇಲ್ವಿಚಾರಕ ಪಕ್ಕದಲ್ಲಿ ನಿಂತು ಅವರ ಕಾಲ ಬೆರಳನ್ನು ಹಿಮ್ಮಡಿಯಿಂದ ಅದುಮಿ ಹಿಡಿದಿದ್ದ.

ಅಷ್ಟರಲ್ಲಿ ಹೊರಗೆ ಗಾಡಿ ನಿಂತ ಸದ್ದಾಯಿತು. ಅತ್ತೆ ಬಂದರು. ಚೀಲ ಮಗಳ ಕೈಗೆ ಕೊಟ್ಟು, ತಮ್ಮ ಕೋಣೆ ನೋಡಬೇಕೆಂದು ನೇರವಾಗಿ ಹಿಂದಕ್ಕೇ ಬಂದರು. ಒಳಗೆ ಇಷ್ಟು ಜನ ಗಂಡಸರು ಸೇರಿದ್ದನ್ನು ಗಮನಿಸಿದರು, ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರ ಕಣ್ಣು ಮೇಜಿನ ಮೇಲೆ ನಿಂತಿತು.

ಬಟ್ಟಲನ್ನು ಎತ್ತಿಕೊಂಡರು. ಆಯುಷ್ಯವೆಲ್ಲ ಬಟ್ಟೆಯ ಅಂಚು ಮಡಿಸಿ ಹೊಲಿದ ಬೆರಳುಗಳು ತೊಗಟೆಯ ಅಂಚಿನ ಮೇಲೆ ಒಂದು ಸುತ್ತು ನಿಧಾನವಾಗಿ ಹೋಗಿಬಂದವು. ಒಳಗೆ ಅಂಗೈ ಇಟ್ಟು ಸವರಿದರು. ಕಿಟಕಿಯ ಬೆಳಕಿಗೆ ಹಿಡಿದು ಕೆಂಪು ಗೆರೆಗಳನ್ನು ನೋಡಿದರು.

"ಅಬ್ಬಾ!" ಎಂದರು ಅತ್ತೆ. "ಏನು ಚಂದ ಇದೆ! ನನ್ನ ಕಣ್ಣಿಗೆ ಇಂಥ ಕೆಲಸ ಬಿದ್ದು ಎಷ್ಟು ವರ್ಷ ಆಯ್ತು! ಯಾರು ಮಾಡಿದ್ದು ಇದನ್ನ? ಅವರ ಕೈಗೆ ನಮಸ್ಕಾರ ಮಾಡಬೇಕು."

ಹೆಂಡತಿಗೆ ಕಾನೂನಿನ ವಿಷಯ ಗೊತ್ತಿರಲಿಲ್ಲ. ಸಾಹೇಬರು ಅದನ್ನು ಹೇಳುವಾಗ ಆಕೆ ಅಡುಗೆಮನೆಯಲ್ಲಿದ್ದಳು, ಅಮ್ಮನ ಹಿಂದೆ ಈಗಷ್ಟೇ ಕೋಣೆಗೆ ಬಂದಿದ್ದಳು. ಅಮ್ಮನ ಬಾಯಿಂದ ಇಂಥ ಮಾತು ಬಂದದ್ದು ಕೇಳಿ ಮುಖ ಅರಳಿತು. ಮದುವೆಯಾದಾಗಿನಿಂದ ಗುಮಾಸ್ತರು ಒಮ್ಮೆಯೂ ಕೇಳದ ಒಂದು ಹೆಮ್ಮೆ ಆಕೆಯ ದನಿಯಲ್ಲಿತ್ತು.

"ಅಮ್ಮಾ, ಇದನ್ನ ಮಾಡಿದ್ದು ಬೇರೆ ಯಾರೂ ಅಲ್ಲ, ನಮ್ಮ..."

ಸಾಹೇಬರು ತಲೆಯೆತ್ತಿದರು. ಮೇಲ್ವಿಚಾರಕನ ಪೆನ್ನು ಕಾಗದದ ಮೇಲೆ ನಿಂತಿತು.

"ಯಾರೂ ಮಾಡಿಲ್ಲ!" ಎಂದು ಗುಮಾಸ್ತರು ಚೀರಿದರು. ಆಮೇಲೆ ದನಿ ತಗ್ಗಿಸಿ, ನೆಲ ನೋಡುತ್ತಾ, "ಯಾರೂ ಮಾಡಿಲ್ಲ ಅತ್ತೆ. ಅದು ತಾನಾಗೇ ಬೆಳೆದದ್ದು," ಎಂದರು.

"ಬರ್ಕೋ," ಎಂದರು ಸಾಹೇಬರು.

ಅತ್ತೆ ಬಟ್ಟಲನ್ನು ಇನ್ನೊಮ್ಮೆ ತಿರುಗಿಸಿ ನೋಡಿ ತಲೆದೂಗಿದರು. "ಅದಕ್ಕೇ ಮತ್ತೆ! ನಾನೂ ಅಂದ್ಕೊಂಡೆ, ಮನುಷ್ಯರ ಕೈಯಲ್ಲಿ ಎಲ್ಲಿ ಬರಬೇಕು ಇಷ್ಟು ಚಂದ? ಯಾರಾದ್ರೂ ಕೈ ಹಾಕಿದ್ರೆ ಕೆಡಿಸೇಬಿಡ್ತಿದ್ರು." ಲೇತಿನ ಕಡೆ ಗದ್ದ ಎತ್ತಿ ಕೇಳಿದರು: "ಈ ಯಂತ್ರದಲ್ಲಿ ನೀವೇನು ಮಾಡಿದ್ರಿ ಅಳಿಯಂದಿರೇ?"

"ಏನೂ ಇಲ್ಲ ಅತ್ತೆ."

"ಹೂಂ," ಎಂದರು ಅತ್ತೆ. ತಮ್ಮ ಲೆಕ್ಕ ತಪ್ಪಿರಲಿಲ್ಲ ಎಂಬ ಸಮಾಧಾನ ಅದರಲ್ಲಿತ್ತು.

ಸಾಹೇಬರು ಮರವನ್ನು ಇದ್ದಲ್ಲಿಂದ ಕದಲಿಸಬಾರದು, ತಿಂಗಳಿಗೊಮ್ಮೆ ಆಳು ಬಂದು ಒಂದು ಚೊಂಬು ನೀರು ಹಾಕಿಹೋಗಬೇಕು ಎಂದು ಬರೆಸಿ, ಕಾಫಿ ಕುಡಿದು ಹೊರಟರು. ಮೇಲ್ವಿಚಾರಕ ಗುಮಾಸ್ತರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಮೇಷ್ಟ್ರು, ತಮ್ಮ ದೂರನ್ನು ತಮ್ಮ ಒಪ್ಪಿಗೆಯಿಲ್ಲದೆ ಪರಿಹರಿಸಿದ್ದರ ವಿರುದ್ಧ ಅರ್ಜಿ ಬರೆಯಲು ಹೋದರು. ಹೆಂಡತಿಗೆ ವಿಷಯವೆಲ್ಲ ತಿಳಿದಾಗ ಗಂಡನ ಮುಖ ನೋಡಿ ಅಯ್ಯೋ ಪಾಪ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ಆದರೆ ಆಕೆಗೆ ಕೋಣೆಯೂ ಬೇಕಾಗಿತ್ತು.

ಸಂಜೆ ಗುಜರಿಯವನು ಗಾಡಿ ತಂದ. ಗುಮಾಸ್ತರೇ ಒಂದು ಕಡೆ ಹಿಡಿದು ಲೇತನ್ನು ಮೆಟ್ಟಿಲಿಳಿಸಿದರು. ಗಾಡಿಗೆ ಹೇರಿ ಹಗ್ಗ ಬಿಗಿಯುವಾಗ ಅವನು ಯಂತ್ರದ ಕಬ್ಬಿಣ ತಟ್ಟಿ ನೋಡಿ, "ಒಳ್ಳೇ ಮಾಲು ಸಾರ್. ಏನಾದ್ರೂ ಮಾಡಿದ್ರಾ ಇದರಲ್ಲಿ?" ಎಂದು ಕೇಳಿದ.

ಹಿಂದಿನ ಕೋಣೆಯ ಕಿಟಕಿಯಲ್ಲಿ ಅತ್ತೆ ಪಕ್ಕದ ಮನೆಯಾಕೆಗೆ ಬಟ್ಟಲು ಎತ್ತಿ ತೋರಿಸುತ್ತಿದ್ದರು. "ಮನುಷ್ಯರು ಮಾಡಿದ್ದಲ್ಲಮ್ಮಾ ಇದು," ಎನ್ನುತ್ತಿದ್ದುದು ಬೀದಿಗೆ ಕೇಳಿಸುತ್ತಿತ್ತು.

"ಇಲ್ಲಪ್ಪ," ಎಂದರು ಗುಮಾಸ್ತರು. "ಹೊಸದು. ಕೈಯೇ ಹಚ್ಚಿಲ್ಲ."